ನನ್ನ ಹೆಸರಿನ ಅಳು

ನಾನು ಒಮ್ಮೆ ಸತ್ತಿದ್ದೇನೆ. ಒಂದು ಭಾನುವಾರ, ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಒಂದೂವರೆಯವರೆಗೆ, ಮುದ್ದೇಬಿಹಾಳದ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ. ಆ ಮೂರು ತಾಸಿನಲ್ಲಿ ಎರಡು ಬಕೆಟ್ ಬಟ್ಟೆ ಒಣಹಾಕಿದೆ, ಎರಡು ಸಲ ಚಹಾ ಕುಡಿದೆ, ಅವ್ವನ ಜೊತೆ ಬಾಯಿ ಸೋಲುವವರೆಗೆ ಜಗಳಾಡಿದೆ. ಸತ್ತವರಿಗೆ ಇಷ್ಟೊಂದು ಕೆಲಸ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ನನ್ನನ್ನು ಸಾಯಿಸಿದವಳು ಅವ್ವ. ಕಾರಣ ಒಂದು ಕಾಗೆ.

ಅದರ ಹಿಂದಿನ ಗುರುವಾರ ಶಾಲೆಗೆ ರಜೆ ಹಾಕಿ ಬಿಜಾಪುರದ ದವಾಖಾನೆಗೆ ಹೋಗಿದ್ದೆ. ನಾಲತವಾಡದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನಾನು. ಅವ್ವನಿಗೆ ಹಲ್ಲು ತೋರಿಸಿಕೊಂಡು ಬರುತ್ತೇನೆ ಎಂದು ಹೇಳಿದ್ದೆ. ತೋರಿಸಿದ್ದು ಎದೆಯ ಗಂಟನ್ನು. ಹತ್ತು ದಿನದ ಹಿಂದೆ ಜಳಕ ಮಾಡುವಾಗ ಕೈಗೆ ಸಿಕ್ಕಿತ್ತು, ಕಡಲೆಕಾಳಿನಷ್ಟು. ಸೂಜಿ ಚುಚ್ಚಿ ಒಂದು ತುಣುಕು ತೆಗೆದುಕೊಂಡರು. "ಮುಂದಿನ ಗುರುವಾರ ರಿಪೋರ್ಟ್ ಬರ್ತೈತ್ರಿ ಟೀಚರ್, ಜೊತಿಗೆ ಯಾರನ್ನರ ಕರಕೊಂಡ ಬರ್ರಿ" ಎಂದಳು ನರ್ಸ್. ಯಾರನ್ನರ! ಐವತ್ತೆರಡು ವಯಸ್ಸಿನ, ಮದುವೆಯಾಗದ ಹೆಂಗಸು ಯಾರನ್ನು ಕರೆದುಕೊಂಡು ಹೋಗಬೇಕು? ಎಪ್ಪತ್ತೆಂಟರ ಅವ್ವನನ್ನೇ? "ಯಾರೂ ಇಲ್ಲವಾ, ನನ್ನ ಜೊತಿಗೆ ನಾನ ಬರ್ತೇನಿ" ಎಂದು ಅವಳ ಕೈಯಿಂದ ಚೀಟಿ ಕಿತ್ತುಕೊಂಡು ಬಂದೆ. ಪಾಪ, ಅವಳದೇನು ತಪ್ಪು.

ಆ ರಿಪೋರ್ಟಿನಲ್ಲಿ ಏನು ಬಂತೆಂದು ಈಗಲೇ ಹೇಳಿಬಿಡುತ್ತೇನೆ. ಓದುವವರ ಜೀವ ತಿನ್ನುವ ಚಾಳಿ ನನಗಿಲ್ಲ. ಕೆಟ್ಟದ್ದೇ ಬಂತು. ಕೊಯ್ದರು, ಔಷಧ ಹಾಕಿದರು, ಕೂದಲು ಹೋಗಿ ಮತ್ತೆ ಬಂತು, ಇದ್ದೇನೆ. ನಾನು ಬರೆಯಲು ಕುಳಿತದ್ದು ಅದನ್ನಲ್ಲ. ಆ ಭಾನುವಾರ ನನ್ನ ತಂಗಿ ನನಗಾಗಿ ಅಳುತ್ತಾಳೋ ಇಲ್ಲವೋ ಎಂದು ಕಾದ ಮೂರು ತಾಸನ್ನು.

ಗುರುವಾರ ಸಂಜೆ ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕಿದ್ದೆ, ಹಿಂದಿನಿಂದ ಯಾರೋ ನೆತ್ತಿಗೆ ಹೊಡೆದಂತಾಯಿತು. ತಿರುಗಿ ನೋಡಿದರೆ ಕಾಗೆ, ರೆಕ್ಕೆ ಬಡಿಯುತ್ತ ಬಾಳೆಹಣ್ಣಿನ ಗಾಡಿಯ ಮೇಲೆ ಹೋಗಿ ಕೂತಿತು. ನೆತ್ತಿಯ ಮೇಲೆ ಎರಡು ಗೀರು. ಮನೆಗೆ ಬಂದ ಕೂಡಲೇ ಅವ್ವ "ತಲಿ ಯಾಕ ಕೆದರೇತಿ?" ಎಂದು ಕೇಳಿದಳು. ಎದೆಯ ಸುದ್ದಿ ಮುಚ್ಚಿಟ್ಟವಳು ಕಾಗೆಯ ಸುದ್ದಿಯನ್ನಾದರೂ ಮುಚ್ಚಿಡಬೇಕೋ ಬೇಡವೋ? ಹೇಳಿಬಿಟ್ಟೆ. ಅವ್ವ ನನ್ನನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಉಟ್ಟ ಸೀರೆಯ ಮೇಲೆಯೇ ಎರಡು ಕೊಡ ತಣ್ಣೀರು ಸುರಿದಳು.

ನಮ್ಮ ಕಡೆ ಕಾಗೆ ಮೈಗೆ ಬಡಿದರೆ ಅದು ಸಾವಿನ ಕರೆ. ಅದಕ್ಕೆ ಪರಿಹಾರವೂ ಒಂದಿದೆ. ಬಡಿಸಿಕೊಂಡವರು ಸತ್ತೇ ಹೋದರೆಂದು ದೂರದೂರಿನ ಒಡಹುಟ್ಟಿದವರಿಗೋ ತವರಿನವರಿಗೋ ಸುದ್ದಿ ಕಳಿಸಬೇಕು. ಅವರು ಅದನ್ನು ನಂಬಬೇಕು, ನಂಬಿ ಅಳಬೇಕು. ಸಾವಿಗೆ ಬೇಕಾದದ್ದು ಕಣ್ಣೀರು, ಅದು ಸಿಕ್ಕರೆ ಮನುಷ್ಯರನ್ನು ಬಿಟ್ಟು ಹೋಗುತ್ತದಂತೆ. ಆಮೇಲೆ 'ಸುಳ್ಳು ಸುದ್ದಿ, ಕಾಗಿ ಬಡದಿತ್ತು' ಎಂದು ಹೇಳಬೇಕು. ಅತ್ತವರು ಬಾಯಿಗೆ ಬಂದಂತೆ ಬೈಯುತ್ತಾರೆ, ನಗುತ್ತಾರೆ, ಬಾಯಿಗೆ ಸಕ್ಕರೆ ಹಾಕಿಕೊಳ್ಳುತ್ತಾರೆ. ಆದರೆ ಅಳು ಮುಗಿಯುವ ಮುಂಚೆ ಗುಟ್ಟು ಒಡೆದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

"ಸುದ್ದಿ ಕಳಸಬೇಕು" ಎಂದಳು ಅವ್ವ, ನನ್ನ ತಲೆ ಒರೆಸುತ್ತ.

"ಯಾರಿಗೆ ಕಳಸ್ತಿ? ನನಗ ಅಳಾಕ ಯಾರ ಅದಾರ?"

"ನಿನ್ನ ತಂಗಿ ಇಲ್ಲೇನ?"

"ಅಕಿ ಅಳೂದಿಲ್ಲ."

ಅದು ಇಬ್ಬರಿಗೂ ಗೊತ್ತಿದ್ದ ವಿಷಯ.

ಇಲ್ಲಿ ನಮ್ಮ ಮನೆತನದ ವಿದ್ಯೆಯೊಂದನ್ನು ಹೇಳಬೇಕು. ನನ್ನ ಅವ್ವ ಹಾಡ್ಯಾಡಿ ಅಳುವವಳು. ಸತ್ತವರ ಮುಂದೆ ಕೂತು, ಅವರ ಗುಣ, ಅವರ ಕಷ್ಟ, ಅವರು ಬಿಟ್ಟುಹೋದವರ ಗತಿ ಎಲ್ಲವನ್ನೂ ದನಿಯೆತ್ತಿ ಪದ ಕಟ್ಟಿ ಅಳುವುದು. ಮೊದಲೇ ಬಾಯಿಪಾಠ ಮಾಡಿದ್ದಲ್ಲ. ಅಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತದೆ. ಬಸವನ ಬಾಗೇವಾಡಿಯಲ್ಲಿ ನಾವಿದ್ದ ಓಣಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಅವ್ವನಿಗೆ ಕರೆ ಬರುತ್ತಿತ್ತು. ಗೌಡರ ಮನೆ, ಕೆಳಗಿನ ಕೇರಿ, ಯಾವುದನ್ನೂ ಅವಳು ನೋಡಲಿಲ್ಲ. ಒಮ್ಮೆ ಒಂದು ಮುಸ್ಲಿಮರ ಮನೆಯಲ್ಲಿ, ಮಗನನ್ನು ಕಳೆದುಕೊಂಡ ಮುದುಕಿ ಅವ್ವನ ಕೈಹಿಡಿದು, "ನಮ್ಮಾಗ ಹಿಂಗ ದನಿ ತಗದ ಅಳಬಾರದ ಅಂತಾರವಾ" ಎಂದಳಂತೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳಂತೆ. ಸ್ವಲ್ಪ ಹೊತ್ತಿಗೆ ಆ ಮುದುಕಿಯೇ, "ಆದ್ರ ನೀ ಅಳು, ನನ್ನದೂ ಕೂಡಿಸಿ ಅಳು" ಎಂದಳಂತೆ.

"ಮಂದಿ ಸಾವಿಗೆ ಇಷ್ಟ ನೀರ ಎಲ್ಲಿಂದ ಬರ್ತೈತಿ ನಿನಗ?" ಎಂದು ಸಣ್ಣವಳಿದ್ದಾಗ ಕೇಳಿದ್ದೆ. "ಸತ್ತವರದು ನೆವ. ಒಬ್ಬೊಬ್ಬಾಕಿನೂ ತನ್ನ ದುಃಖಾ ತಾ ಅಳತಾಳ" ಎಂದಿದ್ದಳು. "ಜೀವಂತ ಇದ್ದವರ ಮುಂದ ಹೇಳಾಕ ಬರಲಾರದ್ದು ಹೆಣದ ಮುಂದ ಬರ್ತೈತಿ."

ಆ ವಿದ್ಯೆ ನನಗೆ ಬರಲಿಲ್ಲ. ನನಗೆ ದುಃಖ ಬಂದರೆ ಸಿಟ್ಟು ಬರುತ್ತದೆ, ಅಷ್ಟೇ. ಆ ವಿದ್ಯೆ ಪೂರಾ ಹೋದದ್ದು ನನಗಿಂತ ಆರು ವರ್ಷ ಸಣ್ಣವಳಾದ ತಂಗಿಗೆ. ಇಂಡಿ ತಾಲೂಕಿನ ಹೊರ್ತಿಗೆ ಅವಳನ್ನು ಕೊಟ್ಟಿದ್ದೇವೆ. ಲಿಂಬೆಯ ತೋಟದ ಮನೆ. ನಾಲ್ಕು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಬಾಗೇವಾಡಿಗೆ ಬಂದವಳು ಅಂಗಳದಲ್ಲೇ ದನಿ ತೆಗೆದಳು. ಕೂಡಿದ ಮಂದಿಯೆಲ್ಲ ಅತ್ತರು. ನಡುವೆ ಒಂದು ಸಾಲು ಬಂತು: "ನಿನ್ನ ಹಿರಿ ಮಗಳ ನೋಡೋ ಅಪ್ಪಾ, ಸಾಲಿ ಗಡಿಯಾರ ಕಟಗೊಂಡ ಬಂದಾಳ, ಕಣ್ಣಾಗ ಒಂದ ಹನಿ ಇಲ್ಲೋ ಅಪ್ಪಾ." ಎಲ್ಲರೂ ನನ್ನ ಕಣ್ಣು ನೋಡಿದರು. ಆಮೇಲೆ ನನ್ನ ಕೈಗಡಿಯಾರ ನೋಡಿದರು.

ಹಾಡ್ಯಾಡಿ ಅಳುವಾಗ ಇದ್ದವರಿಗೆ ಹೀಗೆ ಚುಚ್ಚುವುದು ರೂಢಿ, ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬಾರದು. ನಾನು ಹಚ್ಚಿಕೊಂಡೆ. ಮೂರನೆಯ ದಿನ ಎಲ್ಲರ ಮುಂದೆ, "ನೀ ಅತ್ತಿದ್ದು ಅಳೂನ ಅಲ್ಲ, ನಾಟಕ. ಕಂಪನಿಗೆ ಸೇರ ಹೋಗ" ಎಂದುಬಿಟ್ಟೆ. ಅವಳ ಮುಖ ಬಿಳಿಚಿಕೊಂಡಿತು. "ಆತು. ನೀ ಸತ್ತಾಗ ನಾ ಅಳೂದಿಲ್ಲ ಬಿಡ" ಎಂದು ಅವತ್ತೇ ಬಸ್ಸು ಹತ್ತಿದಳು. ನಾಲ್ಕು ವರ್ಷ ಮಾತಿಲ್ಲ. ಅವಳ ಸುದ್ದಿಯೆಲ್ಲ ಅವ್ವನ ಬಾಯಿಂದ. ಹಿಂದಿನ ವರ್ಷ "ಸೊಲ್ಲಾಪುರದಾಗ ಗರ್ಭಚೀಲ ತಗಸ್ಯಾಳಂತ" ಎಂದು ಅವ್ವ ಹೇಳಿದಾಗ ನಾನು "ಹೌದಾ" ಎಂದು ಉತ್ತರಪತ್ರಿಕೆ ತಿದ್ದುವುದನ್ನು ಮುಂದುವರಿಸಿದ್ದೆ. ಇದನ್ನು ಬರೆಯುವಾಗ ನನ್ನ ಕೈಗೆ ನಾನೇ ಬಡಿದುಕೊಳ್ಳಬೇಕು ಅನಿಸುತ್ತದೆ.

ಶುಕ್ರವಾರ ಅವ್ವ ಊಟ ಬಿಟ್ಟಳು. ಶನಿವಾರ ಎಣ್ಣೆ ಹಾಕಿ ಬರಲು ಗುಡಿಗೆ ಓಡಿಸಿದಳು, ಹೋಗಿ ಬಂದೆ. ಎರಡು ದಿನ "ಕಾಗಿ ಗೀಗಿ ಎಲ್ಲಾ ಸುಳ್ಳ" ಎಂದು ಅವಳ ಮೇಲೆ ಹರಿಹಾಯ್ದೆ. ಒಳಗೆ ನನ್ನ ಗತಿ ಬೇರೆಯೇ ಇತ್ತು. ಕಾಗೆಯನ್ನು ನಂಬದವಳು ಸೂಜಿಯನ್ನು ನಂಬುತ್ತಿದ್ದೆನಲ್ಲ. ತಲೆಯ ಮೇಲೆ ಬಡಿದದ್ದು ಎದೆಯೊಳಗಿನದನ್ನು ಹೇಗೆ ಕಂಡಿತು ಎಂದು ಗಣಿತದ ಟೀಚರ್ ಬೆವರುತ್ತಿದ್ದಳು. ಕಪ್ಪುಹಲಗೆಯ ಮೇಲೆ ಸಮೀಕರಣ ಬರೆಯುತ್ತ ಬರೆಯುತ್ತ ಕೈ ಬಲಗಡೆಯ ಕಂಕುಳಿಗೆ ಹೋಗುತ್ತಿತ್ತು.

ಭಾನುವಾರ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಕೆಳಗಿನಿಂದ ಅವ್ವನ ದನಿ ಎದ್ದಿತು. ಓಣಿಯಲ್ಲಿ ಯಾರೋ ಹೋದರು ಎಂದುಕೊಂಡು ಓಡಿ ಇಳಿದೆ. ನೋಡಿದರೆ ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ತನ್ನ ಗುಂಡಿ ಫೋನನ್ನು ಕಿವಿಗೆ ಒತ್ತಿಕೊಂಡು, "ಚಾ ಕುಡದ ಕುಂತಾಕಿ ಹಂಗ ಗ್ವಾಡಿಗೆ ಒರಗಿದಳವ್ವಾ, ನನಕಿಂತ ಮುಂಚೆ ಹ್ವಾದಳವ್ವಾ ನಿಮ್ಮಕ್ಕ" ಎಂದು ಅಳುತ್ತಿದ್ದಾಳೆ! ಕಣ್ಣಲ್ಲಿ ಧಾರೆ ಧಾರೆ ನೀರು. ನನ್ನನ್ನು ಕಂಡವಳು ಅಳು ನಿಲ್ಲಿಸದೆಯೇ ಕೈಯಿಂದ ಒಳಗೆ ಹೋಗೆಂದು ಸನ್ನೆ ಮಾಡಿದಳು.

ಆಮೇಲೆ ಫೋನನ್ನು ಕಿವಿಯಿಂದ ತೆಗೆದು ನೋಡಿದಳು. "ಕಟ್ ಮಾಡಿದಳು."

"ಏನಂದಳು?"

"ಏನೂ ಅನಲಿಲ್ಲ."

"ಅತ್ತಳೇನ?"

"ಇಲ್ಲ."

ಎಲಾ ಇವಳ! ನನಗೆ ಯಾರ ಮೇಲೆ ಸಿಟ್ಟು ಬಂತೆಂದು ಇವತ್ತಿಗೂ ತಿಳಿದಿಲ್ಲ. ಅವ್ವನ ಮೇಲೆ ಕೂಗಾಡಿದೆ. "ಫೋನ್ ಕೊಡ, ಸುಳ್ಳ ಅಂತ ಹೇಳ್ತೇನಿ." ಅವ್ವ ಫೋನನ್ನು ಕುಪ್ಪಸದೊಳಗೆ ಇಟ್ಟುಕೊಂಡಳು. "ಅಕಿ ಅಳೂತನಕ ಹೇಳಬಾರದು. ಹೇಳಿದಿ ಅಂದ್ರ ನನ್ನ ಆಣಿ ಐತಿ ನೋಡ."

ನನ್ನ ಕೈಯಲ್ಲಿ ನನ್ನದೇ ಫೋನು ಇತ್ತು. ತಂಗಿಯ ನಂಬರೂ ಅದರಲ್ಲಿತ್ತು. ಒಂದು ಸಲ ಒತ್ತಿದರೆ ಮುಗಿಯುತ್ತಿತ್ತು. ಒತ್ತಲಿಲ್ಲ. ಅವ್ವನ ಆಣೆಗೆ ಹೆದರಿ ಅಲ್ಲ. ಅವಳು ಅಳುತ್ತಾಳೋ ಇಲ್ಲವೋ ನನಗೆ ತಿಳಿಯಬೇಕಿತ್ತು. ಒಬ್ಬ ಹೆಂಗಸಿಗೆ ಅಕ್ಕ ಸತ್ತಳೆಂಬ ಸುಳ್ಳು ಹೇಳಿ, ಆ ಸುಳ್ಳಿನಲ್ಲಿ ಅವಳನ್ನು ಬೇಯಲು ಬಿಟ್ಟು, ಇಲ್ಲಿ ಚಹಾ ಕುಡಿಯುತ್ತ ಕೂತೆ. ನಾಚಿಕೆಯಾಗುತ್ತದೆ, ಆದರೆ ಕೂತದ್ದು ಖರೆ.

ಹನ್ನೊಂದೂವರೆ ಆಯಿತು. ಫೋನಿಲ್ಲ. ತಂಗಿಯ ಗಂಡನ ವಾಟ್ಸಾಪ್ ಸ್ಟೇಟಸ್ ನೋಡಿದೆ. ನನ್ನ ಫೋಟೊಗೆ ಹಾರ ಹಾಕಿ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಏರಿಸಿಬಿಟ್ಟರೆ ನಾಳೆ ಶಾಲೆಗೆ ಯಾವ ಮುಖ ಹೊತ್ತು ಹೋಗುವುದು ಎಂಬ ದಿಗಿಲು. ಅಲ್ಲಿ ಒಂದು ಗುಲಾಬಿ ಹೂವು, ಕೆಳಗೆ 'ಶುಭ ಭಾನುವಾರ'. ನಾನು ಸತ್ತು ಒಂದು ತಾಸಾಗಿತ್ತು! ಹಾಕಿದ್ದರೆ ಅಂಜಿಕೆ, ಹಾಕದಿದ್ದರೆ ಅವಮಾನ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಪಾಡು ನನ್ನದು.

ಹನ್ನೆರಡಾಯಿತು. ಹನ್ನೆರಡೂವರೆ ಆಯಿತು. ಅವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು, ನಿದ್ದೆ ಬಂದಿರಲಿಲ್ಲ. "ಅಳೂದಿಲ್ಲ ಅಂದಿದ್ದಳು, ಅಳಲಿಲ್ಲ. ಮಾತಿನಾಕಿ ಅಕಿ" ಎಂದೆ. ನಗುತ್ತ ಹೇಳಲು ಹೋದೆ, ಆಗಲಿಲ್ಲ. ನನ್ನ ಹೆಸರಿಗೆ ಈ ಭೂಮಿಯ ಮೇಲೆ ಒಂದು ಹನಿ ನೀರು ಇಲ್ಲ, ಗುರುವಾರ ಆ ದವಾಖಾನೆಯಲ್ಲಿ ಏನು ಹೇಳಿದರೂ ಕೇಳಿಸಿಕೊಂಡು ಒಬ್ಬಳೇ ಬಸ್ಸು ಹತ್ತಿ ಬರಬೇಕು, ಇಷ್ಟೇ ನನ್ನ ಬಾಳು ಎಂದುಕೊಂಡೆ. ಅವ್ವ ಕಣ್ಣು ತೆರೆಯದೆ "ಸುಮ್ಮ ಕುಂದರ" ಎಂದಳು.

ಒಂದು ದಾಟಿದ ಮೇಲೆ ಅವ್ವನ ಕುಪ್ಪಸದಲ್ಲಿ ಫೋನು ಬಡಿದುಕೊಂಡಿತು. ಅವಳಿಗೆ ಕಿವಿ ಮಂದ, ಅದಕ್ಕೇ ಫೋನಿನ ದನಿಯನ್ನು ಪೂರ್ತಿ ಏರಿಸಿಟ್ಟಿರುತ್ತೇವೆ. ಪಡಸಾಲೆಯ ತುಂಬ ತಂಗಿಯ ಮಾತು ಕೇಳಿಸಿತು, ಹಿಂದೆ ಬಸ್ಸಿನ ಸದ್ದು.

"ಅವ್ವಾ, ಬಸ್ಸಿನ್ಯಾಗ ಅದೇನಿ. ಇಂಡಿಗೆ ಬಂದು ಅಲ್ಲಿಂದ ಸಿಂದಗಿ ಬಸ್ ಹಿಡದ್ನಿ. ಈಗ ಸಿಂದಗಿನೂ ಬಿಟ್ಟೇತಿ. ತಾಳಿಕೋಟಿ ಮ್ಯಾಲ ಬರಾಕತ್ತೇನಿ." ದನಿ ಒಣಗಿತ್ತು. ಅಳು ಇರಲಿಲ್ಲ. "ಮಣ್ಣ ಕೊಡೂದು ಯಾವಾಗ?"

"ನೀ ಬಂದ ಮ್ಯಾಲ" ಎಂದಳು ಅವ್ವ.

"ಅಕ್ಕ ಎಲ್ಲಿ ಅದಾಳ?"

"ಇಲ್ಲೆ, ನನ್ನ ಬಾಜೂಕ." ಅವತ್ತು ಅವ್ವ ಹೇಳಿದ್ದರಲ್ಲಿ ಅದೊಂದೇ ಖರೆ.

"ಫೋನ್ ಅಕಿ ಕಿವಿಗೆ ಹಿಡಿ."

ಅವ್ವ ಗಲಿಬಿಲಿಗೊಂಡು ನನ್ನನ್ನು ನೋಡಿದಳು. ಫೋನನ್ನು ನನ್ನ ಕಿವಿಯ ಹತ್ತಿರ ತಂದಳು, ಇನ್ನೊಂದು ಕೈಯಿಂದ ನನ್ನ ಬಾಯಿ ಮುಚ್ಚಿದಳು. ಅಂಗೈಯಿಂದ ಬಳ್ಳೊಳ್ಳಿಯ ವಾಸನೆ ಬಡಿಯಿತು. "ಹಿಡದೇನಿ" ಎಂದಳು.

ಬಸ್ಸಿನ ಗಡಗಡದ ನಡುವೆ ಬಲು ಸಣ್ಣಗೆ "ಅಕ್ಕಾ" ಎಂದಳು. ಇನ್ನೊಂದು ಸಲ "ಅಕ್ಕಾ" ಎಂದಳು. ಮೂರನೆಯದು ದನಿಯಾಗಿ ಎದ್ದಿತು.

"ಎದ್ದ ಕುಂದರ ನನ್ನಕ್ಕಾ, ಎದ್ದ ಕುಂತ ನನ್ನ ಬೈ ನನ್ನಕ್ಕಾ. ಬಾಗೇವಾಡಿ ಕಟ್ಟಿ ಮ್ಯಾಲ ಮಗ್ಗಿ ಕಲಿಸಿದಾಕಿ, ಹದಿಮೂರರ ಮಗ್ಗಿ ತಪ್ಪಿದರ ಕಿವಿ ಹಿಂಡಿದಾಕಿ, ಇನ್ನ ನನ್ನ ತಪ್ಪ ಯಾರ ಹಿಡೀತಾರ ನನ್ನಕ್ಕಾ. ಮಾತ ಬಿಟ್ಟರೂ ಮಾತ ಬಿಟ್ಟಾಕಿ ಒಬ್ಬಾಕಿ ಇದ್ದಿ, ಜಗಳಕ್ಕರ ಒಬ್ಬಾಕಿ ಇದ್ದಿ, ನನ್ನ ಜಗಳಾ ಇಲ್ಲೇ ಒಗದು ಎಲ್ಲಿ ಹ್ವಾದಿ ನನ್ನಕ್ಕಾ."

ಅವ್ವ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ಒಳ್ಳೆಯ ಸಾಲು ಬಂದಾಗ ಅವಳ ಗಂಟಲಲ್ಲಿ "ಹೂಂ" ಬರುತ್ತಿತ್ತು. ಮಗಳು ಸತ್ತಿಲ್ಲ, ಇನ್ನೊಬ್ಬ ಮಗಳು ಚೆಂದಾಗಿ ಅಳುತ್ತಿದ್ದಾಳೆ. ಅವಳಿಗೆ ಇನ್ನೇನು ಬೇಕು? ನಾಟಕ ಎಂದಿದ್ದೆನಲ್ಲ, ಅದು ನನ್ನ ಕಿವಿಯೊಳಗೆ ಹೊಕ್ಕು ನನ್ನ ಕಣ್ಣಿನಿಂದ ಇಳಿಯುತ್ತಿತ್ತು.

ಆಮೇಲೆ ದನಿ ಜಾರಿತು. ಪದವೂ ಅಲ್ಲ, ಮಾತೂ ಅಲ್ಲ, ಎರಡರ ನಡುವೆ ಬಂದಳು.

"ಹ್ವಾದ ವರ್ಷ ಸೊಲ್ಲಾಪುರದಾಗ ನನ್ನ ಒಂದ ಎದಿ ತಗದರ ಅಕ್ಕಾ. ಗರ್ಭಚೀಲ ಅಂತ ಊರಿಗೆಲ್ಲಾ ಹೇಳಿದ್ನಿ, ಅವ್ವಗೂ ಅದನ್ನ ಹೇಳಿದ್ನಿ. ಹಡದಾಕಿಗೆ ಹೆಂಗ ಹೇಳ್ಲಿ? ನಿನಗ ಹೇಳಬೇಕಂತ ನಿನ್ನ ನಂಬರ ತಗದ ತಗದ ಇಟ್ನಿ. ಇದೂ ನಾಟಕ ಅಂದರ ಅಂತ ಅಂಜಿದ್ನಿ. ರಿಪೋರ್ಟ್ ತರಾಕ ಒಬ್ಬಾಕಿನ ಹ್ವಾದ್ನಿ. ಆ ಕಬ್ಬಿಣ ಖುರ್ಚಿ ಮ್ಯಾಲ ಕುಂತು, ಹೆಸರ ಕೂಗೂತನಕ ಹದಿಮೂರರ ಮಗ್ಗಿ ಅಂದ್ನಿ ಅಕ್ಕಾ, ಬ್ಯಾರೆ ದೇವರ ಹೆಸರ ನೆನಪ ಬರಲಿಲ್ಲ. ಇನ್ನ ಯಾರಿಗೆ ಹೇಳ್ಲಿ? ಇದ್ದಾಗ ಹೇಳಾಕ ಆಗಲಿಲ್ಲ, ಸತ್ತಿ ಅಂತ ಹೇಳಾಕತ್ತೇನಿ."

ಅವ್ವನ "ಹೂಂ" ನಿಂತಿತು. ನನ್ನ ಬಾಯಿಯ ಮೇಲಿನ ಕೈ ಹಾಗೆಯೇ ಇತ್ತು, ಆದರೆ ಅದರಲ್ಲಿ ಬಲವಿರಲಿಲ್ಲ.

ಫೋನಿನಲ್ಲಿ ಇನ್ನೊಂದು ಹೆಂಗಸಿನ ಮಾತು ಕೇಳಿಸಿತು. ತಂಗಿಯ ಪಕ್ಕದ ಸೀಟಿನವಳಿರಬೇಕು. "ಯಾ ಅಲ್ಲಾ, ಸಮಾಧಾನ ಮಾಡ್ಕೋವಾ, ನೀರ ಕುಡಿ. ನಮ್ಮ ಆಪಾನೂ ಇದ ಬ್ಯಾನಿಯಿಂದ ಹ್ವಾದಳವಾ" ಎಂದು ಸಮಾಧಾನ ಹೇಳುತ್ತ ಹೇಳುತ್ತ ಅವಳೂ ಬಿಕ್ಕತೊಡಗಿದಳು. ಮುಖ ಕಾಣದ, ಊರು ಗೊತ್ತಿಲ್ಲದ ಒಬ್ಬಳು, ಸಿಂದಗಿ ದಾಟಿದ ಬಸ್ಸಿನಲ್ಲಿ, ತನ್ನ ಅಕ್ಕನನ್ನು ನೆನೆದು ನನ್ನ ಹೆಸರಿಗೆ ಅಳುತ್ತಿದ್ದಳು.

ನಾನು ಅವ್ವನ ಕೈ ಸರಿಸಿದೆ. ಅಳು ಮುಗಿದಿರಲಿಲ್ಲ, ಗುಟ್ಟು ಒಡೆಯಬಾರದಿತ್ತು. ಒಡೆದರೆ ಸಾವು ಹಿಂದಿರುಗಿ ಬರುತ್ತದಂತೆ. ಬರಲಿ ಬಿಡು ಎನಿಸಿತು.

"ಯಾವ ಕಡೇದು?" ಎಂದು ಕೇಳಿದೆ.

ಆ ಕಡೆ ಅಳು ಕತ್ತರಿಸಿದಂತೆ ನಿಂತಿತು. ಬಸ್ಸು ಹಾರ್ನ್ ಹೊಡೆಯಿತು.

"ಅಕ್ಕಾ?"

"ಹೂಂ."

"ಕಾಗಿ ಬಡೀತೇನ?"

"ಹೂಂ. ಗುರುವಾರ, ಬಸ್ ಸ್ಟ್ಯಾಂಡಿನ್ಯಾಗ."

"ನಿನ್ನ ಹೆಣಾ ಎತ್ತಲಿ! ತಾಯಿ ಮಗಳ ಇಬ್ಬರದೂ ಹೆಣಾ ಎತ್ತಲಿ! ನಿಮಗ ಬುದ್ಧಿ ಅನ್ನೂದು ಐತೋ ಇಲ್ಲೋ!" ಬೈಗುಳ ಬಸ್ಸಿನ ತುಂಬ ಹರಡಿತು. ಬೈಯುತ್ತಲೇ ನಗತೊಡಗಿದಳು, ನಗುತ್ತಲೇ ಪಕ್ಕದವಳಿಗೆ, "ಜೀವಂತ ಅದಾಳ್ರೀ, ಕಾಗಿ ಬಡದಿತ್ತಂತ್ರೀ!" ಎಂದಳು. ಆ ಹೆಂಗಸು "ತೌಬಾ ತೌಬಾ" ಎಂದು ನಕ್ಕಳು. ಯಾರೋ ಗಂಡಸು "ಹಂಗಾದ್ರ ಆಯುಷ್ಯ ಗಟ್ಟಿ ಆತು ಬಿಡ್ರಿ" ಎಂದ. ಇಡೀ ಬಸ್ಸಿಗೆ ನನ್ನ ಸಾವು ಮತ್ತು ಬದುಕು ಎರಡೂ ಗೊತ್ತಾಗಿದ್ದವು.

ನಗು ತ‌ಟ್ಟನೆ ನಿಂತಿತು.

"ಅಕ್ಕಾ, ಯಾವ ಕಡೇದು ಅಂತ ಯಾಕ ಕೇಳಿದಿ?"

ನಾನು ಅವ್ವನ ಮುಖ ನೋಡಿದೆ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಮುಂದೆ ಎರಡು ವಾರ ಮುಚ್ಚಿಟ್ಟದ್ದು ಇನ್ನು ಮುಚ್ಚಲು ಬರುವಂತಿರಲಿಲ್ಲ.

"ನಿಂದ ಯಾವ ಕಡೇದು, ಹೇಳ" ಎಂದೆ.

"ಎಡಕ."

"ನಂದು ಬಲಕ."

ಅವಳು ಅಳಲಿಲ್ಲ, ಹಾಡಲಿಲ್ಲ. "ರಿಪೋರ್ಟ್ ಯಾವಾಗ?" ಎಂದಳು, ನಮ್ಮ ಶಾಲೆಯ ಗುಮಾಸ್ತನ ಹಾಗೆ.

"ಗುರುವಾರ."

"ಆತು. ಗುರುವಾರತನಕ ನಾ ಅಲ್ಲೇ ಇರ್ತೇನಿ. ಆ ಖುರ್ಚಿ ಮ್ಯಾಲ ನೀ ಒಬ್ಬಾಕಿ ಕುಂದರಬ್ಯಾಡ. ಈಗ ಅನ್ನಕ್ಕ ಇಡು, ನಾ ಮುಂಜಾನಿಂದ ಏನೂ ತಿಂದಿಲ್ಲ" ಎಂದು ಫೋನಿಟ್ಟಳು.

ಅವ್ವ ಬಾಯಿ ತೆರೆದಳು. ಈಗ ದನಿ ಏಳುತ್ತದೆ ಎಂದು ನಾನು ಕಾದೆ. ಕಂಡವರ ಮನೆಯ ಹೆಣಗಳಿಗೆಲ್ಲ ಪದ ಕಟ್ಟಿದವಳ ಬಾಯಿಂದ ಒಂದು ಅಕ್ಷರ ಬರಲಿಲ್ಲ. ಆಮೇಲೆ ಅವಳು ಕೈ ಚಾಚಿ, ತಡವರಿಸಿ, ಸೆರಗಿನ ಮೇಲಿಂದಲೇ ನನ್ನ ಎದೆಯ ಎಡಗಡೆಗೆ ಅಂಗೈ ಇಟ್ಟಳು.

"ಆ ಕಡೆ ಅಲ್ಲವ್ವಾ, ಅದು ತಂಗೀದು" ಎಂದು ಅವಳ ಕೈ ಹಿಡಿದು ಬಲಗಡೆಗೆ ಸರಿಸಿಕೊಂಡೆ.